ಕೆ ಐವತ್ತೊಂದು

ಈರಿ ಸರೋವರದ ಕಡೆಯಿಂದ ಮೂರು ದಿನ ಹಿಮ.
ಆಸ್ಪತ್ರೆಯ ನೆಲಮಾಳಿಗೆಗೆ ಕಿಟಕಿಯಿಲ್ಲ,
ಬಂದವರ ಬೂಟು ನೋಡಿ ಹೊರಗಿನ ಹವೆ ತಿಳಿಯುತ್ತೇವೆ.

ಎಡಗಡೆಯ ತೆರೆಯಲ್ಲಿ ಚಾರ್ಟು, ಬಲಗಡೆಯದರಲ್ಲಿ ಸಂಕೇತ,
ನಡುವೆ ನಾನು, ಗಂಟೆಗೆ ಹನ್ನೆರಡರ ಲೆಕ್ಕ.
ಹೆಸರು ನೋಡಬಾರದೆಂದಲ್ಲ,
ನೋಡಿ ಮರೆಯುತ್ತೇನೆಂದು ಸಹಿ ಹಾಕಿದ್ದೇನೆ.

ಹಾಗಾಗಿ: ಹೆಂಗಸು. ನಲವತ್ತಮೂರು. ಶಾಲೆ ಬಸ್ಸು ಓಡಿಸುತ್ತಾಳೆ.
ದೊಡ್ಡ ಕರುಳಲ್ಲಿ ಹುಣ್ಣು, ಆರು ವರ್ಷದಿಂದ.
‘ಮಲದಲ್ಲಿ ರಕ್ತ’ ಎಂದೊಂದು ಸಾಲು.
ಅದರ ಕೆಳಗೆ, ದೂರದ ನೆಂಟನ ಹಾಗೆ, ‘ಹಿಂದೆ ಮೂಲವ್ಯಾಧಿ.’
ಡಾಕ್ಟರ್ ಕೊವಾಲ್ಚಿಕ್ ಎಲ್ಲೂ ಒಂದು ‘ಇಂದ’ ಬರೆದಿಲ್ಲ.
ತೃತೀಯಾ ವಿಭಕ್ತಿಯಿಲ್ಲದೆ ಹರಿಯುತ್ತಿದೆ ರಕ್ತ.
ಹುಣ್ಣಿನಿಂದಲೋ, ಮೂಲದಿಂದಲೋ,
ಮೂಲ ಯಾವುದು?

ನರ್ಸ್ ಬರೆದಿದ್ದಾಳೆ, ಯಾರೂ ಕೇಳದಿದ್ದರೂ:
ಹದಿನಾಲ್ಕನೇ ಮಾರ್ಗದ ಶೌಚಾಲಯಗಳೆಲ್ಲ ಈಕೆಗೆ ಬಾಯಿಪಾಠ.
ಬೀಗದ ಕೈ ಕೇಳಬೇಕಾದ ಪೆಟ್ರೋಲ್ ಬಂಕು,
ಲೂಥರನ್ ಚರ್ಚಿನ ಹಿಂಬಾಗಿಲು, ಟೈರ್ ಅಂಗಡಿ.
ಕಳೆದ ಗುರುವಾರ ಬಸ್ಸಿನಲ್ಲಿ ಮೂವತ್ತೊಂದು ಮಕ್ಕಳು,
ಇವ್ಯಾವುವೂ ಹತ್ತಿರವಿರಲಿಲ್ಲ.

ನರ್ಸಿನ ಮಾತಿಗೆ ಸಂಕೇತ ಹಾಕುವಂತಿಲ್ಲ.
ಚಾಲಕಿಯ ಸೀಟಿಗೆ ಹಾಸಿದ ಟವೆಲ್ಲಿಗೆ ಹಾಕುವಂತಿಲ್ಲ.
ಹಿಮೊಗ್ಲೋಬಿನ್ ಎಂಟಕ್ಕಿಳಿದರೂ
ಊಹಿಸುವುದು ನನ್ನ ಸಂಬಳದೊಳಗೆ ಬರುವುದಿಲ್ಲ.

‘ಒಂಬತ್ತು ಸೊನ್ನೆ ಹಾಕಿ ಮುಚ್ಚು,’ ಎಂದಳು ಡಾರ್ಲೀನ್,
ಕಾಫಿ ಕಪ್ಪನ್ನು ನನ್ನ ಮೇಜಿನ ಅಂಚಿಗಿಟ್ಟು.
ಕೆ ಐವತ್ತೊಂದು ಚುಕ್ಕಿ ಒಂಬತ್ತು ಸೊನ್ನೆ.
ಅಂದರೆ, ಹುಣ್ಣಿದೆ, ತೊಡಕಿಲ್ಲ.
ತೊಡಕಿಲ್ಲವಂತೆ!

ಪರೀಕ್ಷೆಗೆ ಓದುವಾಗ ಕೆ ಅಧ್ಯಾಯವನ್ನು
ಕ, ಕರುಳು ಎಂದು ನೆನಪಿಟ್ಟವಳು ನಾನು.
ಹಲ್ಲು, ಹೊಟ್ಟೆ, ಪಿತ್ತಕೋಶ ಎಲ್ಲ ಅದೇ ಅಧ್ಯಾಯದವು,
ಚುರ್ ಅನ್ನುವುದು ಮಾತ್ರ ಇದೊಂದೇ.

ಗಂಗಾವತಿಯ ಮೂರನೇ ಕ್ಲಾಸಿನಲ್ಲಿ
ನಮಗೂ ಇತ್ತು ಇಂಥದೊಂದು ಸಂಕೇತಗಳ ಪುಸ್ತಕ,
ಯಾರೂ ಬರೆಯದ್ದು, ಎರಡೇ ನಮೂದಿನದು.
ಕಿರುಬೆರಳು ಎತ್ತಿದರೆ ಒಂದಕ್ಕೆ.
ಎರಡು ಬೆರಳೆತ್ತಿದರೆ ಎರಡಕ್ಕೆ.
ರಕ್ತಕ್ಕೆ ಬೆರಳಿರಲಿಲ್ಲ.
ಹುಲಿಗೆಮ್ಮ ಎರಡೆತ್ತಿ ನಿಂತಳು, ಹದಿಮೂರರ ಮಗ್ಗಿ ಮುಗಿಯುವ ತನಕ.
‘ಈಗರ ಹೋಗಿ ಬಂದಿಯಲ್ಲ, ಕೂಡು,’ ಅಂದರು ಅಂಗಡಿ ಮಾಸ್ತರು.
ಕೂತಳು.
ಎದ್ದಾಗ ಅವಳ ಲಂಗವನ್ನು ಇಡೀ ಕ್ಲಾಸು ನೋಡಿತು.
‘ಹೊಟ್ಟೆ ಕೆಟ್ಟಿತ್ತಂತ’ ಎಂದಿತು ಓಣಿ.
ದೀಪಾವಳಿ ಕಳೆದ ಮೇಲೆ ಅವಳ ಜಾಗದಲ್ಲಿ
ಬೇರೆ ಹುಡುಗಿ ಕೂತಿದ್ದಳು.

ಪ್ರಶ್ನೆ ಕಳಿಸಿದೆ ಡಾಕ್ಟರಿಗೆ.
ಉತ್ತರವನ್ನು ಅವರ ಬಾಯಿಗಿಡುವಂತೆ ಕೇಳಬಾರದು, ಅದೂ ನಿಯಮ.
ರಕ್ತಸ್ರಾವದ ಕಾರಣ ದಯವಿಟ್ಟು ತಿಳಿಸಿ:
ಕರುಳಿನ ಹುಣ್ಣು, ಮೂಲವ್ಯಾಧಿ, ಬೇರೆ, ಹೇಳಲಾಗದು.
ಸೋಮವಾರ ಹೋಯಿತು.
ಡಾರ್ಲೀನಳ ಪಟ್ಟಿಯಲ್ಲಿ ನನ್ನ ಹೆಸರು ಕೆಂಪಾಯಿತು.
ಬುಧವಾರ ನಾಲ್ಕು ಗಂಟೆಗೆ, ಕೊನೆಗೂ ವಿಭಕ್ತಿಯೊಡನೆ:
ಹುಣ್ಣಿನಿಂದ. ಗುದನಾಳದ ರಕ್ತಸ್ರಾವ.

ಸೊನ್ನೆ ಅಳಿಸಿದೆ.
ಒಂಬತ್ತು, ಒಂದು, ಒಂದು.
ಈ ದೇಶದಲ್ಲಿ ಮನೆಗೆ ಬೆಂಕಿ ಬಿದ್ದರೆ ಒತ್ತುವುದು ಇದನ್ನೇ,
ಪುಸ್ತಕ ಮಾಡಿದವರು ಅಷ್ಟು ಯೋಚಿಸಿರಲಾರರು.
ನನಗೆ ಕಂಡದ್ದು ಕೊನೆಯ ಎರಡು.
ನಮ್ಮ ಒಂದರ ಹಾಗೆ ಮುದುಡಿ ಸುರುಳಿಯಾಗದೆ
ಇವರ ಒಂದು ನೆಟ್ಟಗೆ ನಿಲ್ಲುತ್ತದೆ.
ಒಂದರ ಪಕ್ಕ ಒಂದು, ಸಣಕಲು,
ಬೆಂಚಿನ ಮೇಲೆ ಎತ್ತಿ ಹಿಡಿದ ಹಾಗೆ.

‘ಹೋಗವ್ವಾ, ಹೋಗಿ ಬಾ,’ ಅಂದೆ, ಗಟ್ಟಿಯಾಗಿಯೇ ಅಂದಿರಬೇಕು,
ಪಕ್ಕದ ಮೇಜಿನವಳು ತಿರುಗಿ ನೋಡಿದಳು.
ಒತ್ತಿದೆ. ಚಾರ್ಟು ಹೋಯಿತು.

ಮುಂದಿನದು: ಗಂಡಸು. ಎಪ್ಪತ್ತು. ಎಡ ಮೊಣಕಾಲು.
ಮಂಜುಗಡ್ಡೆಯ ಮೇಲೆ ಜಾರಿದ್ದು.
ಅದಕ್ಕೂ ಒಂದು ಸಂಕೇತವಿದೆ.